ಎಳನೀರು ತರುವ ಸ್ನೇಹಿತರು

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಮೊದಲ ಪತ್ರಕ್ಕೇ ಜಾಗ ಜಾಸ್ತಿ ಹೋಗಿದೆ. ಸಂಪಾದಕರು ಬೈಯಬಹುದು, ಬೈಯಲಿ. ಹೊಸ ಓದುಗರಿಗೆ ಮತ್ತೆ ಹೇಳುತ್ತೇನೆ: ನಾನು ಪಾಸ್ಟರ್ ಅಲ್ಲ, ದೇವಶಾಸ್ತ್ರ ಓದಿದವಳೂ ಅಲ್ಲ. 31 ವರ್ಷ ನರ್ಸ್ ಆಗಿದ್ದೆ. ಈಗ ಲಿಂಗರಾಜಪುರದ ಮನೆಯಲ್ಲಿ ಕೂತು ನಿಮ್ಮ ಪತ್ರ ಓದುತ್ತೇನೆ. ನನಗೆ ಗೊತ್ತಿರುವುದನ್ನಷ್ಟೇ ಬರೆಯುತ್ತೇನೆ.

ಅಕ್ಕಾ, ನನ್ನ ಯಜಮಾನರಿಗೆ 46 ವರ್ಷ. ಎರಡು ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ನಾನು ಗಾರ್ಮೆಂಟ್ಸ್ ಕೆಲಸ ಬಿಟ್ಟಿದ್ದೇನೆ. ನಮ್ಮ ಪ್ರಾರ್ಥನಾ ಕೂಟದವರು ಮನೆಗೆ ಬಂದು, ಒಪ್ಪಿಕೊಳ್ಳದ ಪಾಪ ಏನೋ ಇದೆ, ಅದಕ್ಕೇ ದೇವರು ಉತ್ತರ ಕೊಡುತ್ತಿಲ್ಲ ಅಂತಾರೆ. ಒಬ್ಬ ಬ್ರದರ್ "ಪೂರ್ತಿ ನಂಬಿಕೆ ಇದ್ದರೆ ಮೆಷಿನ್ ಯಾಕೆ ಬೇಕು" ಅಂದರು. ಯಜಮಾನರೂ ಈಗ ಒಂದು ವಾರ ನಿಲ್ಲಿಸಿ ನೋಡೋಣ ಅಂತಿದ್ದಾರೆ. ಮೊನ್ನೆ ಅವರು ಬಚ್ಚಲುಮನೆಯಲ್ಲಿ ಕದ್ದು ನೀರು ಕುಡಿಯೋದು ನೋಡಿ, ಚೊಂಬು ಕಿತ್ತುಕೊಂಡು ಎಸೆದುಬಿಟ್ಟೆ. ಅವರು ಚಿಕ್ಕ ಮಕ್ಕಳ ಹಾಗೆ ಅತ್ತರು. ಭಾನುವಾರ ಆರಾಧನೆಯಲ್ಲಿ ಸ್ತೋತ್ರ ಅನ್ನೋಕೂ ನನಗೆ ಬಾಯಿ ಬರಲಿಲ್ಲ. ನನ್ನ ನಂಬಿಕೆ ಸತ್ತುಹೋಗಿದೆಯಾ?
ಒಬ್ಬ ಸೋದರಿ, ಕಮ್ಮನಹಳ್ಳಿ

ತಂಗೀ, ಮೊದಲು ಒಂದು ಮಾತು. ಉಳಿದದ್ದೆಲ್ಲ ಆಮೇಲೆ. ಡಯಾಲಿಸಿಸ್ ನಿಲ್ಲಿಸಬೇಡಿ. ಒಂದು ವಾರ ಹಾಗಿರಲಿ, ಒಂದು ಸರದಿಯನ್ನೂ ತಪ್ಪಿಸಬೇಡಿ. ಕಿಡ್ನಿ ಕೈಕೊಟ್ಟ ಮೈಯಲ್ಲಿ ಕುಡಿದ ನೀರಿಗೆ ಹೊರಗೆ ಹೋಗುವ ದಾರಿ ಇಲ್ಲ. ಕಾಲಲ್ಲಿ ನಿಲ್ಲುತ್ತದೆ, ಮುಖದಲ್ಲಿ ನಿಲ್ಲುತ್ತದೆ, ಕೊನೆಗೆ ಶ್ವಾಸಕೋಶಕ್ಕೆ ಬರುತ್ತದೆ. ಪೊಟ್ಯಾಸಿಯಂ ಏರಿದರೆ ಹೃದಯ ಇದ್ದಕ್ಕಿದ್ದ ಹಾಗೆ ನಿಂತುಬಿಡಬಹುದು. ಹೇಳಿ ಕೇಳಿ ಬರುವ ಕಷ್ಟ ಅಲ್ಲ ಅದು. ಆ ಬ್ರದರ್ ಮತ್ತೆ ಬಂದರೆ ಬೈಬಲ್ಲಿನಲ್ಲಿ ಹಿಜ್ಕೀಯನ ಕಥೆ ಓದಿ ಅಂತ ಹೇಳು. ಆ ರಾಜ ಸಾಯುವ ಸ್ಥಿತಿಯಲ್ಲಿದ್ದ. ನಿನ್ನ ಆಯುಸ್ಸಿಗೆ 15 ವರ್ಷ ಕೂಡಿಸಿದ್ದೇನೆ ಅಂತ ದೇವರೇ ಪ್ರವಾದಿ ಯೆಶಾಯನ ಬಾಯಿಂದ ಹೇಳಿಸಿದರು. ಹಾಗೆ ಹೇಳಿದ ಯೆಶಾಯನೇ ಅಂಜೂರದ ಉಂಡೆ ತರಿಸಿ ಹುಣ್ಣಿನ ಮೇಲೆ ಕಟ್ಟಿಸಿದ. ವಾಗ್ದಾನವೂ ಇತ್ತು, ಪಟ್ಟಿಯೂ ಇತ್ತು. ಪಟ್ಟಿ ಕಟ್ಟಿದ್ದಕ್ಕೆ ಯಾರೂ ಅವನ ನಂಬಿಕೆ ಕಮ್ಮಿ ಅನ್ನಲಿಲ್ಲ.

ಈಗ ಚೊಂಬಿನ ವಿಷಯ. ನಿನ್ನ ಪತ್ರದಲ್ಲಿ ಆ ಸಾಲು ಬಂದಾಗ ನಾನು ಕನ್ನಡಕ ತೆಗೆದಿಟ್ಟೆ. ನಮ್ಮ ಮನೆಯಲ್ಲೂ ಅದೇ ನಡೆದಿತ್ತು. ನಮ್ಮವರು ನಾಲ್ಕು ವರ್ಷ ಮೂರು ತಿಂಗಳು ಡಯಾಲಿಸಿಸ್‌ನಲ್ಲಿದ್ದರು. ದಿನಕ್ಕೆ ಒಂದು ಲೀಟರ್ ಮೀರಬಾರದು ಅಂತ ಡಾಕ್ಟರ್ ಹೇಳಿದ್ದರು. ನಾನು ಬೆಳಗ್ಗೆ ಒಂದು ಲೀಟರ್ ಬಾಟಲಿಗೆ ನೀರು ತುಂಬಿಸಿ ಅಡುಗೆಮನೆ ಕಟ್ಟೆಯ ಮೇಲೆ ಇಡುತ್ತಿದ್ದೆ. ಅವರಿಗೆ ಕಾಫಿ ಕೊಟ್ಟರೆ ಅಷ್ಟು ನೀರನ್ನು ಬಾಟಲಿಯಿಂದ ಚೆಲ್ಲಬೇಕು. ಸಾರು ಬಡಿಸಿದರೆ ಅಷ್ಟು. ಮಜ್ಜಿಗೆ ಕೊಟ್ಟರೆ ಅಷ್ಟು. ಬಾಟಲಿ ಖಾಲಿಯಾದರೆ ಆ ದಿನದ ಲೆಕ್ಕ ಮುಗಿಯಿತು. ಸುಮ್ನೆ ಯಾಕೆ ಸಿಂಕಿಗೆ ಹಾಕೋದು ಅಂತ ಆ ನೀರನ್ನು ಕರಿಬೇವಿನ ಕುಂಡಕ್ಕೆ ಹಾಕುತ್ತಿದ್ದೆ. ಒಂದು ದಿನ ಅವರು ಅದನ್ನೇ ನೋಡುತ್ತ ಕೂತಿದ್ದವರು, "ನಿನ್ನ ಕರಿಬೇವಿಗೆ ಇರೋ ಅದೃಷ್ಟ ನನಗಿಲ್ವಲ್ಲೇ" ಅಂದರು. ನಗಾಡಿಕೊಂಡೇ ಅಂದದ್ದು. ನನಗೆ ನಗು ಬರಲಿಲ್ಲ.

ಒಂದು ಏಪ್ರಿಲ್ ಸಂಜೆ, ಸೆಕೆ ತಡೆಯೋಕಾಗದ ದಿನ, ಇನ್ನೊಂದು ಲೋಟ ಕೊಡೇ ಅಂತ ಬೇಡಿಕೊಂಡರು. ಕೊಟ್ಟೆ. ಇನ್ನೊಂದೂ ಕೊಟ್ಟೆ. ಮಾರನೇ ದಿನ ಹೇಗೂ ಡಯಾಲಿಸಿಸ್ ಇದೆಯಲ್ಲ ಅಂದುಕೊಂಡೆ. ರಾತ್ರಿ ಎರಡು ಗಂಟೆಗೆ ಅವರಿಗೆ ಮಲಗೋಕೆ ಆಗಲಿಲ್ಲ. ಎದ್ದು ಕೂತು ಬಾಯಲ್ಲಿ ಉಸಿರು ಎಳೆಯುತ್ತಿದ್ದರು. ಪಕ್ಕದ ಮನೆಯ ಹುಡುಗ ಆಟೋ ತಂದ. ಆಗ ಉಳಿದುಕೊಂಡರು. 31 ವರ್ಷ ನರ್ಸ್ ಆಗಿದ್ದವಳ ಕೈಯಿಂದಲೇ ಆ ಎರಡು ಲೋಟ ಹೋಗಿದ್ದು. ನೀನು ಚೊಂಬು ಎಸೆದೆ, ನಾನು ಲೋಟ ತುಂಬಿಸಿದೆ. ಎರಡಕ್ಕೂ ಅವರ ಮೇಲಿನ ಪ್ರೀತಿಯೇ ಕಾರಣ. ಅದಕ್ಕೆ ಇಬ್ಬರೂ ಸುಸ್ತಾಗಿದ್ದೆವು ಅನ್ನೋದನ್ನೂ ಸೇರಿಸಿಕೋ. ಇವತ್ತು ರಾತ್ರಿ ಅವರ ಪಕ್ಕ ಕೂತು "ಎಸೀಬಾರದಿತ್ತು ರೀ" ಅಂದುಬಿಡು. ಅಷ್ಟೇ ಸಾಕು. ಉಪವಾಸ ಪ್ರಾರ್ಥನೆ ಬೇಡ. ನಿನ್ನ ಮೈಗೆ ಈಗ ಊಟ ಬೇಕು.

ಒಪ್ಪಿಕೊಳ್ಳದ ಪಾಪದ ಮಾತಿಗೆ ಬರೋಣ. ಇದು ಹೊಸ ಪ್ರಶ್ನೆ ಅಲ್ಲ. ಹುಟ್ಟುಕುರುಡನನ್ನು ನೋಡಿ ಶಿಷ್ಯರೂ ಇದನ್ನೇ ಕೇಳಿದರು: ಪಾಪ ಮಾಡಿದ್ದು ಇವನಾ, ಇವನ ಅಪ್ಪ ಅಮ್ಮನಾ? ಇವನೂ ಅಲ್ಲ, ಅವರೂ ಅಲ್ಲ ಅಂದರು ಯೇಸುಸ್ವಾಮಿ. ಯೋಹಾನ ಒಂಬತ್ತನೇ ಅಧ್ಯಾಯ. ಸಿಲೋವದಲ್ಲಿ ಗೋಪುರ ಬಿದ್ದು 18 ಜನ ಸತ್ತಾಗಲೂ ಅವರು ಮಿಕ್ಕವರಿಗಿಂತ ದೊಡ್ಡ ಪಾಪಿಗಳು ಅಂದುಕೊಂಡಿರಾ ಅಂತ ತಿರುಗಿಸಿ ಕೇಳಿದರು. ಇಷ್ಟು ಸ್ಪಷ್ಟವಾಗಿ ಬರೆದಿದ್ದರೂ ನಮ್ಮ ಜನಕ್ಕೆ ಕಾಯಿಲೆ ಮನೆಗೆ ಕಾಲಿಟ್ಟ ಕೂಡಲೇ ಪತ್ತೇದಾರಿಕೆ ನೆನಪಾಗುತ್ತದೆ. ಯಾಕೆ ಗೊತ್ತಾ? ನಿಮ್ಮ ತಪ್ಪಿನಿಂದ ಬಂದಿದೆ ಅಂತಾದರೆ ತಮ್ಮ ಮನೆಗೆ ಬರೋದಿಲ್ಲ ಅಂತ ಧೈರ್ಯ. ಭಯ ಅವರದ್ದು. ಭಾರ ಹೊರೋದು ಮಾತ್ರ ನೀನು.

ಆದರೂ ಅವರನ್ನು ಕೆಟ್ಟವರು ಅನ್ನಲಾರೆ. ನಮ್ಮ ಮನೆಗೆ ಬಂದವರಲ್ಲಿ ಹತ್ತರಲ್ಲಿ ಆರು ಜನ ಎಳನೀರು ತರುತ್ತಿದ್ದರು. ಬಿಸಿಲಲ್ಲಿ ಗಾಡಿಯವನ ಹತ್ತಿರ ಚೌಕಾಸಿ ಮಾಡಿ, ಗಂಜಿ ಇಲ್ಲದ್ದೇ ಬೇಕು ಅಂತ ಆರಿಸಿ, ಕವರಿನಲ್ಲಿ ಹಾಕಿಸಿಕೊಂಡು ಬರುತ್ತಿದ್ದರು. ಕಾಯಿಲೆಯವರನ್ನು ನೋಡೋಕೆ ಬರಿಗೈಯಲ್ಲಿ ಹೋಗಬಾರದು ಅನ್ನೋ ಪ್ರೀತಿ. ಆದರೆ ಕಿಡ್ನಿ ಹೋದವರಿಗೆ ಎಳನೀರು ವಿಷದ ಸಮ. ಅದರಲ್ಲಿರುವ ಪೊಟ್ಯಾಸಿಯಂ ಹೃದಯಕ್ಕೇ ಹೋಗಿ ತಾಗುತ್ತದೆ. ಬಾಳೆಹಣ್ಣೂ ಅಷ್ಟೇ. ನಾನು ಥ್ಯಾಂಕ್ಸ್ ಹೇಳಿ ಇಸಿದುಕೊಂಡು, ಅವರು ಹೋದ ಮೇಲೆ ಪಕ್ಕದ ಮನೆಯ ಮಕ್ಕಳಿಗೆ ಕೊಡುತ್ತಿದ್ದೆ. ಆ ಮಕ್ಕಳು ನಾಲ್ಕು ವರ್ಷ ಚೆನ್ನಾಗಿ ಎಳನೀರು ಕುಡಿದವು. ನಿನಗೆ ಬರುವ ಉಪದೇಶವನ್ನೂ ಹಾಗೇ ಮಾಡು. ತಂದ ಕೈಗೆ ನಮಸ್ಕಾರ ಹೇಳು, ಒಳಗೆ ತಗೋಬೇಡ.

ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಸ್ನೇಹಿತರೂ ಎಳನೀರು ತಂದವರೇ. ಮೊದಲು ಬಂದು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ಒಂದು ಮಾತೂ ಆಡಲಿಲ್ಲ. ಅಲ್ಲಿಗೇ ಎದ್ದು ಹೋಗಿದ್ದರೆ ಅವರಷ್ಟು ಒಳ್ಳೆ ಸ್ನೇಹಿತರು ಇರುತ್ತಿರಲಿಲ್ಲ. ಬಾಯಿ ತೆರೆದು ಕೆಡಿಸಿಕೊಂಡರು. ಆಮೇಲೆ ಅಧ್ಯಾಯಗಟ್ಟಲೆ ಅದೇ ರಾಗ: ನಿನ್ನಲ್ಲೇ ಏನೋ ತಪ್ಪಿದೆ. ಯೋಬ ಸುಮ್ಮನಿರಲಿಲ್ಲ. ಹುಟ್ಟಿದ ದಿನವನ್ನೇ ಶಪಿಸಿದ. ದೇವರನ್ನೇ ನ್ಯಾಯಕ್ಕೆ ಕರೆದ. ಕೊನೆಗೆ 42ನೇ ಅಧ್ಯಾಯದಲ್ಲಿ ದೇವರು ಯಾರ ಮೇಲೆ ಸಿಟ್ಟಾದರು? ದೇವರ ಪರವಾಗಿ ವಕಾಲತ್ತು ಮಾಡಿದ ಸ್ನೇಹಿತರ ಮೇಲೆ. ನನ್ನ ವಿಷಯದಲ್ಲಿ ಯೋಬ ಆಡಿದ ಹಾಗೆ ನೀವು ಸರಿಯಾಗಿ ಆಡಲಿಲ್ಲ ಅಂದರು. ಜಗಳ ಆಡಿದವನ ಮಾತು ಸರಿಹೋಯಿತು. ಹೊಗಳಿದವರದ್ದು ಸರಿಹೋಗಲಿಲ್ಲ.

ನಾನು ನಿನಗೆ ಹೇಳಬೇಕು ಅಂತಿದ್ದದ್ದು ಇದೇ, ತಂಗೀ. ದೇವರ ಹತ್ತಿರ ಜಗಳ ಆಡಬಹುದು. ಸುಳ್ಳು ಹೇಳಬಾರದು. ಬಾಯಿ ಬರದಿದ್ದಾಗ ಸ್ತೋತ್ರ ಅನ್ನದೆ ಇದ್ದೆಯಲ್ಲ, ಅದು ಸುಳ್ಳು ಹೇಳದೆ ಇದ್ದದ್ದು. ಸತ್ತ ನಂಬಿಕೆಗೆ ಜಗಳ ಬೇಡ, ಅದು ಕೇಳೋಕೂ ಹೋಗೋದಿಲ್ಲ. ನೀನು ಕೇಳುತ್ತಿದ್ದೀಯ. 88ನೇ ಕೀರ್ತನೆ ಓದು. ಅಳುವ ಕೀರ್ತನೆಗಳು ಬೇಕಾದಷ್ಟಿವೆ, ಆದರೆ ಬಹಳಷ್ಟರಲ್ಲಿ ಕೊನೆಗೆ ಎಲ್ಲೋ ಒಂದು ಸ್ತುತಿ ಬಂದುಬಿಡುತ್ತದೆ. ಇದರಲ್ಲಿ ಅದೂ ಇಲ್ಲ. ಕತ್ತಲೆಯ ಮಾತಿನಲ್ಲೇ ನಿಲ್ಲುತ್ತದೆ. ಅದನ್ನು ಸತ್ಯವೇದದಲ್ಲಿ ಹಾಗೇ ಉಳಿಸಿದ್ದಾರೆ, ಯಾರೂ ಕೊನೆಗೊಂದು ಹಲ್ಲೆಲೂಯ ಅಂಟಿಸಲಿಲ್ಲ. ಬಾಯಿ ಬರದವರಿಗೂ ಅಲ್ಲಿ ಒಂದು ಪುಟ ಇದೆ.

ನಾನೂ ಎಂಟು ತಿಂಗಳು ಹಾಡಿಲ್ಲ. ಕಾರ್ಪೊರೇಷನ್ ಹತ್ತಿರದ ಹಡ್ಸನ್ ಚರ್ಚಿನಲ್ಲಿ ಕೊನೆಯ ಬೆಂಚಿನಲ್ಲಿ, ಕಂಬದ ಮರೆಯಲ್ಲಿ ಕೂರುತ್ತಿದ್ದೆ. 1904ರ ಕಟ್ಟಡ, ಅದರ ಕಲ್ಲು ಎಂಥ ಬೇಸಗೆಯಲ್ಲೂ ತಣ್ಣಗಿರುತ್ತದೆ. ಕೈಯನ್ನು ಕಲ್ಲಿಗೆ ಒತ್ತಿಕೊಂಡು ಪಾಠ ಮುಗಿಯೋ ತನಕ ಕೂತು ಎದ್ದು ಬರುತ್ತಿದ್ದೆ. ಪಾಸ್ಟರ್ ಅಯ್ಯನವರಿಗೆ ಗೊತ್ತಿತ್ತು, ಕೇಳಲಿಲ್ಲ. ಶಿವಾಜಿನಗರದ ನನ್ನ ಗೆಳತಿ ಕ್ಯಾಥೊಲಿಕ್. ಅವಳು ಒಂದು ಗುರುವಾರ ವಿವೇಕನಗರದ ಬಾಲಯೇಸುವಿನ ಚರ್ಚಿಗೆ ಎಳೆದುಕೊಂಡು ಹೋದಳು. ನಮ್ಮಲ್ಲಿ ಮೇಣದಬತ್ತಿ ಹಚ್ಚಿ ಬೇಡಿಕೊಳ್ಳೋ ಅಭ್ಯಾಸ ಇಲ್ಲ. ಆದರೂ ಹಚ್ಚಿದೆ. ಮಾತು ಬರದ ಕಾಲದಲ್ಲಿ ಕೈಗೆ ಏನಾದರೂ ಕೆಲಸ ಇದ್ದರೆ ಒಳ್ಳೆಯದು. ಇದಕ್ಕೆ ನಮ್ಮ ಸಭೆಯ ಯಾರಾದರೂ ನನಗೆ ಪತ್ರ ಬರೆದು ಬೈಯುವುದಿದ್ದರೆ, ಉತ್ತರ ಕೊಡುವುದಿಲ್ಲ.

ನಿನ್ನ ಕೈಗೂ ಒಂದಿಷ್ಟು ಕೆಲಸ ಹೇಳುತ್ತೇನೆ. ಫಿಸ್ಟುಲಾ ಮಾಡಿರುವ ಕೈಯನ್ನು, ಅಂದರೆ ಡಯಾಲಿಸಿಸ್‌ಗೆ ಅಂತ ರಕ್ತನಾಳ ಜೋಡಿಸಿರುವ ಕೈಯನ್ನು, ದಿನಾ ಬೆಳಗ್ಗೆ ಮೆಲ್ಲಗೆ ಮುಟ್ಟಿ ನೋಡು. ಚರ್ಮದ ಕೆಳಗೆ ಜೇನುಹುಳ ಸಿಕ್ಕಿಹಾಕಿಕೊಂಡ ಹಾಗೆ ಗುಯ್ ಅನ್ನಬೇಕು. ಅನ್ನದಿದ್ದರೆ ಅವತ್ತೇ ಆಸ್ಪತ್ರೆಗೆ ಓಡು. ಆ ಕೈಗೆ ಬಿಪಿ ಪಟ್ಟಿ ಕಟ್ಟಲು, ಡಯಾಲಿಸಿಸ್‌ನದ್ದು ಬಿಟ್ಟು ಬೇರೆ ಸೂಜಿ ಚುಚ್ಚಲು ಬಿಡಬೇಡ. ತರಕಾರಿ ಹೆಚ್ಚಿ ನೀರಲ್ಲಿ ನೆನೆಸಿ, ಬೇಯಿಸಿದ ನೀರನ್ನೂ ಬಸಿದು ಚೆಲ್ಲು. ಬಿಪಿಗೆ ಒಳ್ಳೆಯದು ಅಂತ ಮಾರುವ ಲೋ ಸೋಡಿಯಂ ಉಪ್ಪು ಬೇಡವೇ ಬೇಡ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಬಾಯಾರಿಕೆಗೆ ಸಣ್ಣ ಐಸ್ ತುಂಡು ಬಾಯಲ್ಲಿ ಇಟ್ಟುಕೊಳ್ಳಲಿ, ಅದನ್ನೂ ಲೆಕ್ಕಕ್ಕೆ ಸೇರಿಸು. ಬಿಪಿಎಲ್ ಕಾರ್ಡ್ ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಡಯಾಲಿಸಿಸ್ ಕೇಳು, 2016ರಿಂದ ಅದಕ್ಕೆ ಕೇಂದ್ರದ ಯೋಜನೆಯೇ ಇದೆ. ಕಿಡ್ನಿ ಕಸಿ ಆಗಬಹುದಾ ಅಂತ ಡಾಕ್ಟರನ್ನು ಬಾಯಿಬಿಟ್ಟು ಕೇಳು. ಸತ್ತವರ ಅಂಗದಾನಕ್ಕೆ ಕಾಯುವವರ ಪಟ್ಟಿ ನಮ್ಮ ರಾಜ್ಯದಲ್ಲಿ ಜೀವಸಾರ್ಥಕತೆ ಅನ್ನೋ ಸರ್ಕಾರಿ ಸಂಸ್ಥೆಯವರ ಹತ್ತಿರ ಇರುತ್ತದೆ. ಆಸ್ಪತ್ರೆಯ ಮೂಲಕ ಹೆಸರು ಬರೆಸಬೇಕು.

ಇನ್ನೊಂದು. ಪ್ರವಾದಿ ಎಲೀಯ ಸಾಕಪ್ಪಾ ಸಾಕು, ನನ್ನ ಪ್ರಾಣ ತೆಗೆದುಬಿಡು ಅಂತ ಗಿಡದ ಕೆಳಗೆ ಮಲಗಿದಾಗ ದೇವದೂತ ಪ್ರಸಂಗ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇಟ್ಟ. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲವೂ ಊಟಕ್ಕೇ ಎಬ್ಬಿಸಿದ. ಅವರನ್ನು ಮೆಷಿನ್‌ಗೆ ಹಾಕಿದ ಆ ನಾಲ್ಕು ಗಂಟೆ ನೀನು ಪ್ರಾರ್ಥನೆ ಮಾಡದಿದ್ದರೂ ಪರವಾಗಿಲ್ಲ. ಹೊರಗಿನ ಬೆಂಚಿನ ಮೇಲೆ ಸೆರಗು ಹೊದ್ದು ನಿದ್ದೆ ಮಾಡು.

ನಾನು ಕ್ಯಾಬ್ ಓಡಿಸುತ್ತೇನೆ. ಆಕ್ಸಿಡೆಂಟ್ ಆಗಿ ಮೂರು ತಿಂಗಳು ಮನೆಯಲ್ಲೇ ಇದ್ದೆ. ಎರಡು ಕಂತು ಬಾಕಿ. ಮೊಬೈಲ್‌ನಲ್ಲಿ ನಾನು ಕೇಳುವ ಒಬ್ಬ ದೈವಸೇವಕರು, ಐದು ಸಾವಿರ ಬೀಜ ಕಾಣಿಕೆ ಬಿತ್ತಿದರೆ, ಅಂದರೆ ಅವರಿಗೆ ಕಳಿಸಿದರೆ, 40 ದಿನದಲ್ಲಿ ಸಾಲ ಬಿಡುಗಡೆ ಅಂತಾರೆ. ಮಗಳ ಸ್ಕೂಲ್ ಫೀಸಿಗೆ ಇಟ್ಟ ದುಡ್ಡು ಇದೆ. ಕಳಿಸಬಹುದಾ?
ಒಬ್ಬ ಸಹೋದರ, ಕೆ.ಆರ್. ಪುರಂ

ಬೇಡ ಸ್ವಾಮಿ. ಫೀಸು ಕಟ್ಟಿ.

ಇಷ್ಟೇ ಬರೆದು ನಿಲ್ಲಿಸಬೇಕು ಅಂತಿದ್ದೆ. ನಿಮಗೆ ವಚನ ಬೇಕಾಗುತ್ತದೆ, ಗೊತ್ತು. ಮಾರ್ಕ ಏಳನೇ ಅಧ್ಯಾಯದಲ್ಲಿ, ಅಪ್ಪ ಅಮ್ಮನಿಗೆ ಕೊಡಬೇಕಾದದ್ದನ್ನು ಕೊರ್ಬಾನ್, ಅಂದರೆ ದೇವರಿಗೆ ಕೊಟ್ಟಾಯಿತು ಅಂತ ಹೇಳಿ ತಪ್ಪಿಸಿಕೊಳ್ಳುವವರನ್ನು ಯೇಸುಸ್ವಾಮಿ ಚೆನ್ನಾಗಿ ಝಾಡಿಸಿದ್ದಾರೆ. ಮನೆಯವರ ಪಾಲನ್ನು ದೇವರ ಹೆಸರಲ್ಲಿ ಎತ್ತಿ ಕೊಡುವುದು ಅವರಿಗೆ ಹಿಡಿಸಲಿಲ್ಲ. ಧರ್ಮೋಪದೇಶಕಾಂಡ 14ರಲ್ಲಿ ಮೂರು ವರ್ಷಕ್ಕೊಮ್ಮೆ ದಶಮಾಂಶವನ್ನು ಊರಲ್ಲೇ ಇಟ್ಟು ಸ್ವಂತ ಜಮೀನಿಲ್ಲದ ಲೇವಿಯರು, ಪರದೇಶಿಗಳು, ಅನಾಥರು, ವಿಧವೆಯರು ಹೊಟ್ಟೆತುಂಬ ತಿನ್ನಲಿ ಅಂತಿದೆ. ಕಾಲು ಮುರಿದುಕೊಂಡು ಮನೆಯಲ್ಲಿ ಕೂತ ನೀವು ಸದ್ಯಕ್ಕೆ ಕೊಡುವವರ ಸಾಲಿನಲ್ಲಿಲ್ಲ, ತಿನ್ನುವವರ ಪಂಕ್ತಿಯಲ್ಲಿದ್ದೀರಿ. ನಾಚಿಕೆ ಬಿಟ್ಟು ನಿಮ್ಮ ಸಭೆಯ ಅಯ್ಯನವರನ್ನು ನೋಡಿ, ಬಡವರ ನಿಧಿಯಿಂದ ಏನಾದರೂ ಆಗುತ್ತದಾ ಕೇಳಿ.

ಸಾಲ ಕೊಟ್ಟವರ ಹತ್ತಿರ ನೀವೇ ಹೋಗಿ. ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ ಇಟ್ಟು, ಕಂತು ಕಮ್ಮಿ ಮಾಡಿ ಅವಧಿ ಜಾಸ್ತಿ ಮಾಡಿಕೊಡಿ ಅಂತ ಲಿಖಿತವಾಗಿ ಕೇಳಿ. ವಸೂಲಿಯವರು ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡೋ ಹಾಗಿಲ್ಲ. 2022ರಲ್ಲಿ ರಿಸರ್ವ್ ಬ್ಯಾಂಕ್ ಹಾಗಂತ ಹೇಳಿದೆ. ಅವರು ಮೀರಿದರೆ ದಿನಾಂಕ, ಹೊತ್ತು ಬರೆದಿಡಿ. ಆ ದೈವಸೇವಕರ ಬಗ್ಗೆ ನನ್ನ ಅಭಿಪ್ರಾಯ ಸಂಪಾದಕರು ಅಚ್ಚು ಹಾಕುವಂಥದ್ದಲ್ಲ.

ಕುಡಿದು ಬಂದು ಹೊಡೆಯುತ್ತಾರೆ. ಹೋದ ತಿಂಗಳು ಕೈ ಮುರಿಯಿತು. ಸಭೆಯ ಹಿರಿಯರು, ನಿನ್ನ ಶಿಲುಬೆ ನೀನು ಹೊರಬೇಕಮ್ಮ, ತಾಳ್ಮೆಯಿಂದ ಗೆಲ್ಲು ಅಂದರು. ನಾನು ಇನ್ನೂ ಎಷ್ಟು ತಾಳಿಕೊಳ್ಳಬೇಕು?
ಹೆಸರು, ಊರು ಬೇಡ

ಇನ್ನು ಒಂದು ದಿನವೂ ಬೇಡಮ್ಮ. ಕ್ರಿಸ್ತನಿಗಾಗಿ ಹೊರುವುದು ಶಿಲುಬೆ. ಕುಡುಕನ ಏಟು ಶಿಲುಬೆ ಅಲ್ಲ, ಅಪರಾಧ. ದಮಸ್ಕದಲ್ಲಿ ಕೊಲ್ಲೋಕೆ ಕಾದು ನಿಂತಿದ್ದಾರೆ ಅಂತ ತಿಳಿದಾಗ ಪೌಲ ತಾಳ್ಮೆಯಿಂದ ಗೆಲ್ಲುತ್ತೇನೆ ಅಂತ ಕೂರಲಿಲ್ಲ. ಶಿಷ್ಯರು ರಾತ್ರಿ ಅವನನ್ನು ಪುಟ್ಟಿಯಲ್ಲಿ ಕೂರಿಸಿ ಊರ ಗೋಡೆಯಿಂದ ಕೆಳಗಿಳಿಸಿದರು. ಹಿರಿಯರ ಕೆಲಸ ಪುಟ್ಟಿ ಹಿಡಿಯೋದು. ಅವರಿಗೆ ಅದು ಗೊತ್ತಿಲ್ಲದಿದ್ದರೆ ಈ ಪುಟ ಹರಿದು ಅವರ ಕೈಗೆ ಕೊಡಿ.

181 ಮಹಿಳಾ ಸಹಾಯವಾಣಿ, ದುಡ್ಡಿಲ್ಲ. ಹೊಡೆಯುತ್ತಿರುವಾಗಲೇ ಆದರೆ 112. ಕೈ ತೋರಿಸಿದ ಆಸ್ಪತ್ರೆಯ ಚೀಟಿ, ಎಕ್ಸ್‌ರೇ ಎರಡನ್ನೂ ಮನೆಯ ಹೊರಗೆ ನಂಬಿಕಸ್ತರ ಹತ್ತಿರ ಇಡಿ. ಆಧಾರ್, ಮಕ್ಕಳ ಜನನ ಪತ್ರವೂ ಅಲ್ಲೇ ಇರಲಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಎಲ್ಲ ಧರ್ಮದ ಹೆಂಗಸರಿಗೂ ಒಂದೇ. ಮನೆ ಅವರ ಹೆಸರಲ್ಲಿದ್ದರೂ ಅಲ್ಲಿ ವಾಸ ಮಾಡುವ ಹಕ್ಕು ನಿಮಗಿದೆ. ಹೊಡೆಯಬಾರದು ಅಂತ ಕೋರ್ಟಿನಿಂದ ರಕ್ಷಣೆಯ ಆದೇಶ ಪಡೆಯಬಹುದು. ಕ್ಷಮಿಸುವ ವಿಷಯ ಆಮೇಲೆ ಮಾತಾಡೋಣ, ಮೊದಲು ಬಾಗಿಲು ಭದ್ರ ಇರುವ ಕಡೆ ಮಲಗಿ. ಪತ್ರಿಕೆಯ ವಿಳಾಸಕ್ಕೆ ಮತ್ತೆ ಬರೆಯಿರಿ, ಕಾಯುತ್ತಿರುತ್ತೇನೆ.

ಸಾವಿನ ಮನೆಗೆ ಹೋದಾಗ ಏನು ಹೇಳಬೇಕು ಅಂತಲೇ ತಿಳಿಯೋದಿಲ್ಲ. ಯಾವ ವಚನ ಹೇಳಿದರೆ ಒಳ್ಳೆಯದು?
ಒಬ್ಬ ಓದುಗರು, ಚಾಮರಾಜಪೇಟೆ

ವಚನ ಆ ಮನೆಯವರೇ ಕೇಳಿದರೆ ಹೇಳಿ. "ದೇವರಿಗೆ ಬೇಕಾಗಿತ್ತು, ಕರೆದುಕೊಂಡ" ಅನ್ನೋದನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ. ಸತ್ತುಹೋದ ಸ್ನೇಹಿತ ಲಾಜರ ಮತ್ತೆ ಎದ್ದು ಬರ್ತಾನೆ ಅಂತ ಗೊತ್ತಿದ್ದರೂ ಯೇಸುಸ್ವಾಮಿ ಅವನ ಸಮಾಧಿಯ ಹತ್ತಿರ ಅತ್ತರು. ಮೊದಲ ವಾರ ಎಲ್ಲರೂ ಬರುತ್ತಾರೆ. ನೀವು ಮೂರನೇ ವಾರ ಹೋಗಿ. ಮರಣ ಪತ್ರ, ಬ್ಯಾಂಕು, ಗ್ಯಾಸ್ ಕನೆಕ್ಷನ್ ಹೆಸರು ಬದಲಾವಣೆ ಅಂತ ಓಡಾಟ ಶುರುವಾಗಿರುತ್ತದೆ. ಯಾವುದಾದರೂ ಒಂದು ಕ್ಯೂನಲ್ಲಿ ಅವರ ಪರವಾಗಿ ನಿಂತುಕೊಳ್ಳಿ.

ನಮ್ಮವರು ಹೋದ ಮೇಲೆ ಆ ಲೀಟರ್ ಬಾಟಲಿ ಅಡುಗೆಮನೆ ಕಟ್ಟೆಯ ಮೇಲೆ ಹಾಗೇ ಇತ್ತು. ಕೊನೆಯ ದಿನ ತುಂಬಿಸಿದ ನೀರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ನನಗೆ ಮುಟ್ಟೋಕೆ ಕೈ ಬರಲಿಲ್ಲ. ಬಂದವರೆಲ್ಲ ಅದರ ಪಕ್ಕದಲ್ಲೇ ಲೋಟ ಇಟ್ಟು ಹೋದರು. ಮೂರನೇ ವಾರ ಶಿವಾಜಿನಗರದ ಗೆಳತಿ ಬಂದಳು. ಅದು ಏನು ಅಂತ ಅವಳಿಗೆ ಗೊತ್ತಿತ್ತು. ಏನೂ ಕೇಳದೆ ಬಾಟಲಿ ತೆಗೆದುಕೊಂಡು ಹೋಗಿ ನೀರನ್ನು ಕರಿಬೇವಿನ ಕುಂಡಕ್ಕೆ ಹಾಕಿದಳು. ತೊಳೆದು ಬೋರಲು ಹಾಕಿದಳು. ಕಾಫಿ ಮಾಡಿದೆ, ಇಬ್ಬರೂ ಹಿಂದಿನ ಮೆಟ್ಟಿಲ ಮೇಲೆ ಕೂತು ಕುಡಿದೆವು. ಅವಳು ಒಂದು ವಚನವನ್ನೂ ಹೇಳಲಿಲ್ಲ. ಸಕ್ಕರೆ ಸಾಲಲಿಲ್ಲ ಕಣೇ ಅಂದಳು.